ಹೆಂಡ ಕುಡಿದ ಹಿಟ್ಟು

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರಿನ ಹೆಂಡದಂಗಡಿಗಳಲ್ಲಿ ನಾನು ರುಚಿ ನೋಡದ ಮಡಕೆ ಇರಲಿಲ್ಲ. ಇದನ್ನು ತಲೆ ತಗ್ಗಿಸಿಕೊಂಡು ಹೇಳುತ್ತಿಲ್ಲ, ಎದೆ ತಟ್ಟಿಯೇ ಹೇಳುತ್ತಿದ್ದೇನೆ. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹುಡುಗನೊಬ್ಬ, ಬಿಯರನ್ನು ತಾವೇ ತಯಾರಿಸಿ ಕೊಡುವ ಅಂಗಡಿಗಳು ಈಗ ಬಂದಿವೆಯೆಂದೂ, ತಾನು ರಜೆ ಸಿಕ್ಕಾಗ ಅವನ್ನೆಲ್ಲ ಸುತ್ತುತ್ತೇನೆಂದೂ, ಪುಟ್ಟ ಪುಟ್ಟ ಲೋಟಗಳಲ್ಲಿ ಒಂದೊಂದನ್ನೇ ಗುಟುಕರಿಸಿ ಯಾವುದರಲ್ಲಿ ಎಷ್ಟು ಹುಳಿ, ಎಷ್ಟು ಕಹಿ ಎಂದು ತೂಗಿ ನೋಡುತ್ತೇನೆಂದೂ ಬಾಳೆಲೆ ಮುಂದೆಯೇ ನನಗೆ ಪಾಠ ಮಾಡಿದ. ನಾನು ಹೋಳಿಗೆ ಮುರಿಯುತ್ತಾ ಹೂಂಗುಟ್ಟಿದೆ. ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಾನು ಅದೇ ಕೆಲಸವನ್ನು ಬಸ್ಸಿನಲ್ಲಿ ಓಡಾಡಿಕೊಂಡು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮಾಡಿದ್ದೆ. ಅಲ್ಲಿ ಹಾಗಂದಿದ್ದರೆ ಎದುರು ಪಂಕ್ತಿಯ ಹಿರಿಯರು ಊಟ ಬಿಟ್ಟು ಏಳುತ್ತಿದ್ದರೋ ಏನೋ. ಅದಕ್ಕೇ ಇಲ್ಲಿ ಹೇಳುತ್ತೇನೆ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದ್ದು ದೊಡ್ಡಪ್ಪ. ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಬೇಕರಿ ಇತ್ತು. ಮುಂದೆ ಗಾಜಿನ ಬೀರು, ಹಿಂದೆ ಸೌದೆ ಒಲೆ, ಅದರ ಹಿಂದೆ ನಾವು ಮೂವರು ಇರುತ್ತಿದ್ದ ಮನೆ. ಅವನಿಗೂ ದೊಡ್ಡಮ್ಮನಿಗೂ ಮಕ್ಕಳಿರಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಆಮೇಲೆಯೇ ಒಲೆಯ ಬಾಗಿಲು ತೆಗೆಯುವ ಮನುಷ್ಯ ಅವನು. ನಮ್ಮ ಮನೆತನದವರು ಮಠಕ್ಕೆ ನಡೆದುಕೊಳ್ಳುವವರು. ಹೆಂಡದ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಜನ ಎಂದರೂ ತಪ್ಪಿಲ್ಲ.

ಆಗ ಬ್ರೆಡ್ಡು ಎಂದರೆ ಕಾಯಿಲೆಯವರ ಊಟ. ಯಾರಾದರೂ ಬ್ರೆಡ್ಡಿನ ಪೊಟ್ಟಣ ಹಿಡಿದು ಹೋಗುತ್ತಿದ್ದರೆ ದಾರಿಯಲ್ಲಿ ಸಿಕ್ಕವರು "ಯಾರ್ಗೆ ಹುಷಾರಿಲ್ಲ?" ಎಂದೇ ಕೇಳುತ್ತಿದ್ದರು. ಆಸ್ಪತ್ರೆಗೆ ಬಂದವರೆಲ್ಲ ನಮ್ಮ ಅಂಗಡಿಗೆ ಬರುತ್ತಿದ್ದರು. ಜೊತೆಗೆ ಮಠದ ಹಾಸ್ಟೆಲ್ಲಿಗೆ ವಾರವಾರ ನಮ್ಮಲ್ಲಿಂದ ಬನ್ನು ಹೋಗುತ್ತಿತ್ತು. ದೊಡ್ಡಪ್ಪನಿಗೆ ಇದ್ದ ದೊಡ್ಡ ಹೆಮ್ಮೆ ಅದೊಂದೇ. ಮಠದ ಬುಟ್ಟಿಯನ್ನು ಅವನು ಬೇರೆಯವರ ಕೈಗೆ ಕೊಡದೆ ತಾನೇ ಜೋಡಿಸುತ್ತಿದ್ದ. ಸ್ವಲ್ಪ ಕಂದಿದ ಬನ್ನು ಕಂಡರೂ ಎತ್ತಿ ನಮಗೆ ಕೊಡುತ್ತಿದ್ದ, ನಾನೂ ದೊಡ್ಡಮ್ಮನೂ ಅದನ್ನು ಕಾಫಿಗೆ ಅದ್ದಿ ತಿನ್ನುತ್ತಿದ್ದೆವು.

ಬ್ರೆಡ್ಡು ಉಬ್ಬಬೇಕಾದರೆ ಹಿಟ್ಟು ಹುದುಗಬೇಕು. ಅದಕ್ಕೆ ಈಸ್ಟ್ ಬೇಕು. ಈಸ್ಟ್ ಬರುತ್ತಿದ್ದದ್ದು ಬೆಂಗಳೂರಿನಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನ ಮೇಲೆ. ಬಿಸಿಲಿಗೆ ಬೆಂದು ಬಂದ ಆ ಮುದ್ದೆ ತರೀಕೆರೆ ಮುಟ್ಟುವಷ್ಟರಲ್ಲಿ ಸತ್ತೇ ಹೋಗಿರುತ್ತಿತ್ತು. ದೊಡ್ಡಪ್ಪ ಹುಡುಗನಾಗಿದ್ದಾಗ ಶಿವಮೊಗ್ಗದ ಒಂದು ಬೇಕರಿಯಲ್ಲಿ ಕೆಲಸ ಕಲಿತವನು. ಅಲ್ಲಿನ ಯಜಮಾನ ಹಿಟ್ಟಿಗೆ ಹಾಕುತ್ತಿದ್ದದ್ದು ಹೆಂಡ. ದೊಡ್ಡಪ್ಪನೂ ಅದನ್ನೇ ಹಾಕಿದ. ಬೇರೆ ದಾರಿ ಇರಲಿಲ್ಲ. ಡಬ್ಬಿಯಲ್ಲಿ ಒಣ ಈಸ್ಟ್ ನಮ್ಮ ಕಡೆ ಸಲೀಸಾಗಿ ಸಿಗತೊಡಗಿದ್ದು ಎಂಬತ್ತರ ದಶಕ ಅರ್ಧ ಕಳೆದ ಮೇಲೆ.

ಈ ಗುಟ್ಟು ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ. ನನಗೆ ಮೀಸೆ ಬಂದ ಕಾಲಕ್ಕೆ ಅವನು ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಹೇಳಿದ್ದ.

"ಲೇ, ಈ ಮಾತು ಈ ಒಲೆ ಬಿಟ್ಟು ಆಚೆ ಹೋಗಬಾರ್ದು ಕಣೋ. ಮಠದೋರ ಕಿವೀಗ್ ಬಿದ್ರೆ ನಮ್ಮ ಬೇಕರಿ ಮುಗೀತು."

ಹೆಂಡ ತರುವ ಕೆಲಸ ನನ್ನ ಪಾಲಿಗೆ ಬಂತು. ಅವನಿಗೆ ವಯಸ್ಸಾಗಿತ್ತು, ಎಲ್ಲರಿಗೂ ಗುರುತಿನವನು ಬೇರೆ. ಅದಕ್ಕಿಂತ ಮುಖ್ಯವಾಗಿ ಅವನು ಹೆಂಡವನ್ನು ನಾಲಿಗೆಗೆ ತಾಗಿಸುವವನಲ್ಲ. ರುಚಿ ನೋಡದೆ ತಂದರೆ ಹಿಟ್ಟು ಕೆಡುತ್ತಿತ್ತು. ಪಡಖಾನೆಯವರು, ಹೆಂಡದಂಗಡಿಗೆ ನಾವು ಹಾಗೇ ಅನ್ನುತ್ತಿದ್ದದ್ದು, ಒಬ್ಬೊಬ್ಬರು ಒಂದೊಂದು ಕೈಚಳಕ ಮಾಡುತ್ತಿದ್ದರು. ಕೆಲವರು ನೀರು ಬೆರೆಸಿ ಸ್ಯಾಕರಿನ್ ಹಾಕುವರು, ಕೆಲವರು ಮತ್ತೇರಲಿ ಎಂದು ಎಂಥದೋ ನಿದ್ದೆ ಪುಡಿ ಕಲಸುವರು. ಕುಡಿಯುವವನಿಗೆ ಅದರಿಂದ ತಲೆ ತಿರುಗುತ್ತದೆ, ಹಿಟ್ಟಿಗೆ ಮಾತ್ರ ಏನೂ ಆಗುವುದಿಲ್ಲ. ಅಂಥ ಹೆಂಡ ಕಲಸಿದ ದಿನ ಬೆಳಗ್ಗೆ ಮರದ ದೋಣಿಯಂಥ ಮರಿಗೆಯ ಮೇಲಿನ ಬಟ್ಟೆ ತೆಗೆದರೆ ಹಿಟ್ಟು ಸಂಜೆ ಹೇಗೆ ಮಲಗಿತ್ತೋ ಹಾಗೇ ಮಲಗಿರುತ್ತಿತ್ತು.

"ಬಾಯಿಗೆ ಹಾಕ್ಕೋ, ರುಚಿ ನೋಡು, ಉಗಿ. ನುಂಗಬೇಡ" ಎಂದು ದೊಡ್ಡಪ್ಪ ಅಪ್ಪಣೆ ಕೊಟ್ಟ. ಲಿಂಗ ಕಟ್ಟಿದ ಎದೆಯ ದಾರಿಯಲ್ಲಿ ಅದು ಇಳಿಯಬಾರದು ಎಂಬುದು ಅವನ ಲೆಕ್ಕ. ನಾನೂ ಮೊದಮೊದಲು ಶಿಸ್ತಾಗಿ ಉಗಿದೆ. ಆಮೇಲಾಮೇಲೆ ಕೆಟ್ಟದ್ದನ್ನು ಉಗಿಯುತ್ತಿದ್ದೆ, ಒಳ್ಳೆಯದನ್ನು ಉಗಿಯಲು ಮನಸ್ಸು ಬರುತ್ತಿರಲಿಲ್ಲ. ಅದು ಮಾತ್ರ ದೊಡ್ಡಪ್ಪನಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಗೊತ್ತಿಲ್ಲದವನಂತೆ ಇದ್ದ.

ಒಂದೊಂದು ಊರಿನದು ಒಂದೊಂದು ರುಚಿ. ತರೀಕೆರೆಯಿಂದ ಬೆಟ್ಟದ ಕಡೆ ಹೋದರೆ ಬಗನಿ ಮರದ ಹೆಂಡ ಸಿಗುತ್ತಿತ್ತು. ಅದು ತೆಳ್ಳಗೆ, ಸಿಹಿ ಮುಂದು, ಹುಳಿ ಹಿಂದು. ಕುಡಿಯಲು ಬಲು ಸೊಗಸು, ಹಿಟ್ಟಿಗೆ ಅಷ್ಟಕ್ಕಷ್ಟೆ. ಅದರಲ್ಲಿ ಮಾಡಿದ ಬನ್ನು ಮೆತ್ತಗಿರುತ್ತಿತ್ತು, ಆದರೆ ಎರಡನೇ ದಿನಕ್ಕೆ ಕುಸಿಯುತ್ತಿತ್ತು. ಕಡೂರಿನದು ಕೆರೆಯಂಗಳದ ಈಚಲ ಮರದ್ದು. ಬಾಯಿಗೆ ಹಾಕಿದರೆ ನಾಲಿಗೆಯ ತುದಿ ಚುರುಗುಟ್ಟಬೇಕು, ಮೂಗಿಗೆ ಸಣ್ಣಗೆ ಹೊಗೆ ವಾಸನೆ ಬರಬೇಕು, ಹಾಗಿದ್ದರೆ ಅದು ಅಸಲಿ. ಆದರೆ ಕಡೂರು ದೊಡ್ಡ ಊರು, ಸಂತೆಯ ಊರು, ಅಲ್ಲಿ ಅಸಲಿ ಸಿಗುವುದಕ್ಕೆ ನಾಲ್ಕು ಮಡಕೆ ಉಗಿಯಬೇಕಾಗಿತ್ತು.

ಎಲ್ಲಕ್ಕಿಂತ ಒಳ್ಳೆಯದು ಅಜ್ಜಂಪುರದ್ದು. ಊರು ದಾಟಿ ಅಂತರಘಟ್ಟೆ ರಸ್ತೆಯಲ್ಲಿ ಒಂದು ಹುಣಸೆ ಮರದ ಕೆಳಗೆ ಸೋಗೆ ಹೊದಿಸಿದ ಪಡಖಾನೆ. ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅವಳ ಗಂಡ ಮರ ಹತ್ತಿ ಇಳಿಸುತ್ತಿದ್ದ, ಅವಳು ಅಳೆದು ಕೊಡುತ್ತಿದ್ದಳು. ಕಳೆ ಕಿತ್ತು ಬಂದ ಹೆಂಗಸರು ಒಂದು ಪಕ್ಕ, ಗಾಡಿಯವರು ಒಂದು ಪಕ್ಕ ಕೂತಿರುತ್ತಿದ್ದರು. ಉಪ್ಪು ಖಾರ ಹಚ್ಚಿದ ಕಡಲೆಕಾಳಿನ ತಟ್ಟೆ ಎಲ್ಲರ ನಡುವೆ ಓಡಾಡುತ್ತಿತ್ತು. ಅವಳ ಅಂಗಡಿಯಲ್ಲಿ ಗಲಾಟೆ ಎಂಬುದೇ ಇಲ್ಲ. ಯಾರಾದರೂ ದನಿ ಏರಿಸಿದರೆ "ಸಾಕು, ಮನೀಗ್ ಹೋಗಣ್ಣ" ಎನ್ನುವಳು. ಅವರು ಎದ್ದು ಹೋಗುವರು.

ಅವಳ ಹೆಂಡದ ರುಚಿಯನ್ನು ಈಗ ಬರೆಯುವಾಗಲೂ ಬಾಯಲ್ಲಿ ನೀರೂರುತ್ತದೆ. ಬೆಳಗ್ಗೆ ಇಳಿಸಿದ್ದು ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹದಕ್ಕೆ ಬರುತ್ತಿತ್ತು. ಸಿಹಿಯಲ್ಲ, ಹುಳಿಯಲ್ಲ, ಎರಡೂ ಒಂದನ್ನೊಂದು ನೂಕಾಡುತ್ತಿರುವ ಹೊತ್ತು. ಮಡಕೆಗೆ ಕಿವಿ ಇಟ್ಟರೆ ಒಳಗೆ ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಮಾರನೆಯ ದಿನದ ಬ್ರೆಡ್ಡು ಕಣ್ಣಿಗೆ ಕಾಣುತ್ತಿತ್ತು.

ಅವಳಿಗೆ ನನ್ನ ಮೇಲೆ ಗುಮಾನಿ ಇತ್ತು. ವಿಭೂತಿ ಹಚ್ಚಿದ ಹುಡುಗ, ಬರುತ್ತಾನೆ, ಒಂದು ಗುಟುಕು ನೋಡುತ್ತಾನೆ, ಕ್ಯಾನು ತುಂಬಿಸಿಕೊಂಡು ಬಸ್ಸು ಹತ್ತುತ್ತಾನೆ. ಕೂತು ಕುಡಿಯುವುದಿಲ್ಲ, ಕಡಲೆಕಾಳು ಮುಟ್ಟುವುದಿಲ್ಲ. ಮೊದಲ ಸಲ ಕೇಳಿದಾಗ ನಾನು ಬಾಯಿಗೆ ಬಂದದ್ದು ಹೇಳಿದ್ದೆ, ನಮ್ಮ ಎಮ್ಮೆಗೆ ಹುಷಾರಿಲ್ಲ, ಔಷಧಿಗೆ ಎಂದು. ಆಮೇಲೆ ಅದನ್ನೇ ಸಾಗಿಸಿಕೊಂಡು ಬಂದೆ. ಮೂರನೇ ವರ್ಷ ಅವಳು ಕ್ಯಾನಿಗೆ ಬಟ್ಟೆ ಕಟ್ಟಿಕೊಡುತ್ತಾ ಕೇಳಿದಳು.

"ಅಲ್ಲಪ್ಪಾ, ನಿಮ್ಮೆಮ್ಮೆ ಇನ್ನೂ ಸತ್ತಿಲ್ವಾ?"

"ಇಲ್ಲ ಕಣಕ್ಕ."

"ಹೆಂಗ್ ಸತ್ತಾತು, ದಿನಾ ನಮ್ ಹೆಂಡ ಕುಡೀತೈತೆ. ಒಂದಿನ ಕರ್ಕೊಂಡ್ ಬಾ, ನೋಡಾನ."

ಅಲ್ಲಿ ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಆ ಅಂಗಡಿಯಲ್ಲಿ ನಾನು ಎಮ್ಮೆಯವನಾದೆ.

ಬಸ್ಸಿನ ಪಾಡು ಇನ್ನೊಂದು. ಹುದುಗುತ್ತಿರುವ ಹೆಂಡಕ್ಕೆ ಬಿಗಿಯಾಗಿ ಮುಚ್ಚಳ ಹಾಕಬಾರದು, ಬಟ್ಟೆ ಕಟ್ಟಬೇಕು. ಬಟ್ಟೆ ಕಟ್ಟಿದರೆ ವಾಸನೆ ಬಸ್ಸೆಲ್ಲ ತುಂಬುತ್ತದೆ. ಒಂದು ಸಲ ಕಂಡಕ್ಟರ್ ಬೈದನೆಂದು ಕಡೂರಿನಿಂದ ಬರುವಾಗ ಮುಚ್ಚಳ ಜಡಿದು ಕೂತೆ. ಬೀರೂರು ದಾಟುತ್ತಿದ್ದ ಹಾಗೆ ಅದು ಪಟಾಕಿ ಹೊಡೆದಂತೆ ಹಾರಿ ಮುಂದಿನ ಸೀಟಿನ ಮೇಷ್ಟ್ರೊಬ್ಬರ ಬಿಳಿ ಅಂಗಿಯ ಬೆನ್ನು ತೋಯಿಸಿಬಿಟ್ಟಿತು. ಪುಣ್ಯಾತ್ಮರು ಹಿಂದಕ್ಕೆ ತಿರುಗಿ ನನ್ನ ಹಣೆಯ ವಿಭೂತಿ ನೋಡಿ, "ಏನಪ್ಪಾ, ಮಜ್ಜಿಗೇನಾ?" ಎಂದು ಕೇಳಿದರು. ನಾನು ಹೌದೆಂದೆ. ಬಸ್ಸಿನಲ್ಲಿದ್ದ ಅರ್ಧ ಜನ ಮುಖಕ್ಕೆ ಟವೆಲು ಅಡ್ಡ ಇಟ್ಟುಕೊಂಡು ಕುಲುಕುತ್ತಿದ್ದರು.

ಹೀಗೆ ನಗುನಗುತ್ತಾ ಓಡಾಡಿಕೊಂಡಿದ್ದ ಕಾಲದಲ್ಲೇ ನನಗೆ ಹೆಣ್ಣು ನೋಡಲು ಶುರುವಾಯಿತು. ಯಗಟಿ ಕಡೆಯ ಸಂಬಂಧ. ಹುಡುಗಿಯ ಅಪ್ಪ ತೆಂಗಿನ ತೋಟ, ಹೊಲ ಇಟ್ಟುಕೊಂಡಿದ್ದ ಮನುಷ್ಯ. ನಮ್ಮ ಮಠಕ್ಕೇ ನಡೆದುಕೊಳ್ಳುವವರು, ನಮ್ಮಷ್ಟೇ ಕಟ್ಟುನಿಟ್ಟು. ದೊಡ್ಡಪ್ಪ, ದೊಡ್ಡಮ್ಮನ ಜೊತೆ ನಾನು ಹೋಗಿ ನಡುಮನೆಯ ಚಾಪೆಯ ಮೇಲೆ ಕೂತೆ. ಹುಡುಗಿ ಕಾಫಿ ತಂದಳು. ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಅಭ್ಯಾಸಬಲ ನೋಡಿ, ಅದನ್ನು ನುಂಗದೆ ನಾಲಿಗೆಯ ಮೇಲೆ ಒಂದು ಸುತ್ತು ತಿರುಗಿಸಿದೆ. ಹಾಲು ಕೆಡುವ ಹಾದಿಯಲ್ಲಿತ್ತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಬಾಯಿಂದ ಬಂದೇಬಿಟ್ಟಿತು.

"ಹಾಲು ಹುಳಿಗೆ ತಿರುಗ್ತಾ ಐತೆ."

ದೊಡ್ಡಮ್ಮ ನನ್ನ ತೊಡೆ ಚಿವುಟಿದಳು. ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ಮಾತ್ರ ತಟ್ಟೆ ಹಿಡಿದು ನಿಂತಲ್ಲೇ ತಲೆ ಎತ್ತಿ, "ನಾನೂ ಅದನ್ನೇ ಅಂದೆ, ಯಾರೂ ಕೇಳ್ಲಿಲ್ಲ" ಎಂದಳು. ಅವಳ ಮುಖದಲ್ಲಿ ನಾಚಿಕೆಗಿಂತ, ಸದ್ಯ ಇನ್ನೊಬ್ಬನಿಗೆ ಗೊತ್ತಾಯಿತಲ್ಲ ಎಂಬ ಸಮಾಧಾನ ಇತ್ತು. ನನಗೆ ಅಲ್ಲೇ ಆಗಿಹೋಯಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಆಚೆ ರಾಗಿ ಹೊಲ ನೋಡುತ್ತಾ ನಗುತ್ತಿದ್ದೆನಂತೆ. ದೊಡ್ಡಮ್ಮ ಅದನ್ನು ಬಹಳ ದಿನ ಆಡಿಕೊಂಡಳು. ಆ ಹುಡುಗಿಯಲ್ಲದೆ ಬೇರೆಯವಳು ಬೇಡ ಎಂದು ನನಗೆ ಖಂಡಿತವಾಗಿ ಅನ್ನಿಸಿತ್ತು.

ಹೆಣ್ಣು ನೋಡಿದ್ದಾಯಿತು, ಇನ್ನು ಅವರು ಬಂದು ಗಂಡಿನ ಮನೆ ನೋಡುವ ಶಾಸ್ತ್ರ. ಶ್ರಾವಣದಲ್ಲಿ ಬರುತ್ತೇವೆ ಎಂದು ಹೇಳಿ ಕಳಿಸಿದರು. ಅದರ ನಡುವೆ ಬಂತು ಕಡೂರಿನ ಸಂತೆ.

ಅಂದು ಅಜ್ಜಂಪುರದ ಕಡೆ ಜೋರು ಮಳೆ. ಮಳೆ ಬಂದ ದಿನದ ಹೆಂಡ ನೀರಾಗಿರುತ್ತದೆ. ಅದಕ್ಕೇ ಕಡೂರಿಗೆ ಹೋದೆ. ಸಂತೆಯ ಹಿಂಬದಿಯ ಪಡಖಾನೆಯಲ್ಲಿ ಮಡಕೆಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಮೊದಲನೆಯದರಿಂದ ಒಂದು ಗುಟುಕು ತೆಗೆದೆ, ಸ್ಯಾಕರಿನ್, ಉಗಿದೆ. ಎರಡನೆಯದು ಬರೀ ನೀರು, ಉಗಿದೆ. ಮೂರನೆಯದನ್ನು ಬಾಯಿ ತುಂಬ ಹಿಡಿದುಕೊಂಡು ಕಣ್ಣು ಮುಚ್ಚಿ ತೂಗುತ್ತಿದ್ದೆ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಹುಡುಗಿಯ ಅಪ್ಪ!

ಅವನು ಬಂದದ್ದು ತನ್ನ ಗಾಡಿಯ ಆಳನ್ನು ಹುಡುಕಿಕೊಂಡು. ಆಳು ಮೂಲೆಯಲ್ಲಿ ಕೂತಿದ್ದ, ಆದರೆ ಹುಡುಗಿಯ ಅಪ್ಪನ ಕಣ್ಣು ನನ್ನ ಮೇಲೆ ನೆಟ್ಟಿತ್ತು. ನನ್ನ ಎರಡೂ ಕೆನ್ನೆ ಊದಿತ್ತು, ಕೈಯಲ್ಲಿ ಲೋಟ. ಹೆಣ್ಣು ಕೊಡುವವನ ಮುಂದೆ ಉಗಿಯುವುದು ಹೇಗೆ? ಉಗಿಯದೆ ಮಾತಾಡುವುದು ಹೇಗೆ? ನಾನು ನುಂಗಿದೆ. ಗಂಟಲಲ್ಲಿ ಗುಟುಕ್ ಎಂದದ್ದು ಅವನಿಗೂ ಕೇಳಿಸಿರಬೇಕು. ಅವನು ತಿರುಗಿ ಹೋದ. ಆಳು ಹಿಂದೆಯೇ ಓಡಿದ.

ಅಂದು ತಂದ ಹೆಂಡ ಚೆನ್ನಾಗಿಯೇ ಇತ್ತು. ಸಂಜೆ ದೊಡ್ಡಪ್ಪ ಅದನ್ನು ಬಟ್ಟೆಯಲ್ಲಿ ಸೋಸಿ, ಮೈದಾ, ಸಕ್ಕರೆ ಕದಡಿ, ನೊರೆ ಏರುವುದನ್ನು ಕಾಯುತ್ತಾ ಕೂತಿದ್ದಾಗ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡ. ತೋಳು ಏರಿಸಿ ಹಿಟ್ಟು ನಾದಲು ಶುರುಮಾಡಿದ. ದೊಡ್ಡಮ್ಮ ನನ್ನ ಪರವಾಗಿ ಬಾಯಿ ತೆಗೆದಳು.

"ಹುಡುಗೀನ ಇವನು ಮೆಚ್ಚವ್ನೆ ಕಣ್ರೀ. ಕುಡುಕ ಅಂತ ಅವ್ರು ಬಿಟ್ಬಿಟ್ರೆ ಇವನಿಗೆ ಆಮೇಲ್ಯಾರ್ ಹೆಣ್ಣು ಕೊಡ್ತಾರೆ?"

ಅವನು ಹಿಟ್ಟು ನಾದುತ್ತಲೇ ಇದ್ದ. ನನಗಂತೂ ವಿಷಯ ಅರ್ಥವಾಗಿತ್ತು. ನಿಜ ಹೇಳಿದರೆ ನನ್ನ ಹೆಸರು ಉಳಿಯುತ್ತದೆ, ಮಠದ ಬುಟ್ಟಿ ಹೋಗುತ್ತದೆ. ಅದರ ಹಿಂದೆ ನಮ್ಮ ಜನದ ಮನೆಗಳ ಗಿರಾಕಿಯೂ ಹೋಗುತ್ತದೆ. ದೊಡ್ಡಪ್ಪನಿಗೆ ಆ ವಯಸ್ಸಿನಲ್ಲಿ ಇದ್ದದ್ದು ಅದೊಂದು ಅಂಗಡಿ. ನನ್ನನ್ನು ಸಾಕಿದ್ದೂ ಅದೇ. ನಾನು ದೊಡ್ಡಮ್ಮನಿಗೆ ಗುಟ್ಟಾಗಿ ಹೇಳಿದೆ, ಅವರು ಕೇಳಿದರೆ ಹೌದು ಕುಡಿಯುತ್ತೇನೆ ಎಂದು ಒಪ್ಪಿಕೊಂಡುಬಿಡುತ್ತೇನೆ ಎಂದು. ಅವಳು ಕಣ್ಣು ಒರೆಸಿಕೊಂಡು, "ನಿನ್ನ ಹಣೇಬರ" ಎಂದಳು. ಆ ಶ್ರಾವಣದ ತನಕ ನಾನು ಬ್ರೆಡ್ಡು ಕೊಯ್ಯುವಾಗ ಕೈ ಕೊಯ್ದುಕೊಂಡದ್ದು ಎಷ್ಟು ಸಲವೋ!

ಅವರು ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು. ಹುಡುಗಿಯ ಅಪ್ಪ, ಜೊತೆಗೆ ಅವರ ಊರಿನ ಹಿರಿಯರೊಬ್ಬರು. ದೊಡ್ಡಮ್ಮ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಜಮಖಾನ ಹಾಸಿ ಇಬ್ಬರ ಮುಂದೆಯೂ ಬನ್ನು, ಬೆಣ್ಣೆ ಬಿಸ್ಕತ್ತು, ಬಾಳೆಹಣ್ಣು ಇಟ್ಟಳು. ಮಳೆ, ಬೆಳೆ, ಕೊಬ್ಬರಿಯ ಮಾತಾಯಿತು. ಹಿರಿಯರು ಒಂದು ಬನ್ನು ಪೂರ್ತಿ ತಿಂದು ಎರಡನೆಯದಕ್ಕೆ ಕೈ ಹಾಕಿದ್ದರು. ಹುಡುಗಿಯ ಅಪ್ಪ ಬನ್ನನ್ನು ಕೈಯಲ್ಲೇ ಹಿಡಿದುಕೊಂಡು ಮುರಿದದ್ದನ್ನು ಬಾಯಿಗೆ ಹಾಕದೆ ಕೂತಿದ್ದ. ಕೊನೆಗೆ ದೊಡ್ಡಪ್ಪನ ಕಡೆ ತಿರುಗಿದ.

"ಯಜಮಾನ್ರೆ, ಸುತ್ತಿ ಬಳಸಿ ಮಾತಾಡಾದು ನಂಗೆ ಬರಾಕಿಲ್ಲ. ನಿಮ್ ಹುಡುಗನ್ನ ಕಡೂರು ಪಡಖಾನೇಲಿ ನೋಡ್ದೆ. ಒಂದು ಮಡಕೆಯಲ್ಲ, ಸಾಲಾಗಿ ನೋಡ್ಕೊಂಡ್ ಬತ್ತಿದ್ದ. ನಾನ್ ನೋಡಿದ್ದು ಸುಳ್ಳು ಅಂತ ಹೇಳಿ, ನಾನೇ ಕೆನ್ನೆ ಬಡ್ಕೋತೀನಿ."

ನಾನು ಕಂಬಕ್ಕೆ ಒರಗಿ ನಿಂತಿದ್ದೆ.

"ನಿಜ. ನಾನೇ" ಎಂದೆ. ಹೌದು, ಕುಡಿಯುತ್ತೇನೆ ಎಂಬ ಮುಂದಿನ ಮಾತನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಅದು ಹೊರಡಲಿಲ್ಲ. ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಅವಳ ಅಪ್ಪ ಬನ್ನನ್ನು ತಟ್ಟೆಗೆ ಇಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ.

"ಕೂತ್ಕೊಳ್ಳಿ" ಎಂದ ದೊಡ್ಡಪ್ಪ. ದನಿ ದೊಡ್ಡದೇನಲ್ಲ. "ಅವನು ಕುಡಿಯೋನಲ್ಲ. ಕುಡಿಯೋದು ನನ್ ಹಿಟ್ಟು."

ಅವರಿಬ್ಬರಿಗೂ ಅರ್ಥವಾಗಲಿಲ್ಲ. ದೊಡ್ಡಪ್ಪ ಎದ್ದು ಅವರನ್ನು ಒಲೆಮನೆಗೆ ಕರೆದುಕೊಂಡು ಹೋದ. ಮರಿಗೆಯ ಮೇಲಿನ ಒದ್ದೆ ಬಟ್ಟೆ ಸರಿಸಿದ. ಹಿಟ್ಟು ಅಂಚಿನ ತನಕ ಉಬ್ಬಿ ನಿಂತಿತ್ತು, ಅದರ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಕ್ಯಾನನ್ನೂ ತೋರಿಸಿದ. ಈಸ್ಟ್ ಸಾಯುವ ಕಥೆ, ಹೆಂಡ ತರುವ ಕಥೆ, ನನ್ನನ್ನು ರುಚಿ ನೋಡಲು ತಾನೇ ಕಳಿಸಿದ್ದು, ನುಂಗಬೇಡ ಎಂದದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ನ್ಯಾಯಪಂಚಾಯ್ತಿಯಲ್ಲಿ ನಿಂತವನಂತೆ ಕೈಕಟ್ಟಿಕೊಂಡಿದ್ದ. ಅವನನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ, ಗೋಡೆಯ ಕಡೆ ತಿರುಗಿದೆ.

ಹಿರಿಯರು ಮೊದಲು ಅರ್ಥ ಮಾಡಿಕೊಂಡರು. "ಶಿವ ಶಿವಾ!" ಎಂದು ಹಿತ್ತಲಿಗೆ ಓಡಿದರು. ಬಾಯಿಗೆ ಬೆರಳು ಹಾಕಿ ಉಗಿಯುವುದು, ಮುಕ್ಕಳಿಸುವುದು, ಮತ್ತೆ ಉಗಿಯುವುದು ಬಹಳ ಹೊತ್ತು ಕೇಳಿಸಿತು. ಹುಡುಗಿಯ ಅಪ್ಪ ಮಾತ್ರ ಮರಿಗೆಯ ಮುಂದೆಯೇ ನಿಂತಿದ್ದ.

"ಇದು ಯಾವಾಗಿಂದ?"

"ಅಂಗಡಿ ಹಾಕ್ದಾಗಿಂದ" ಎಂದ ದೊಡ್ಡಪ್ಪ.

"ಹೋದ್ವರ್ಷ ನಮ್ಮವ್ವನ್ನ ಇಲ್ಲೇ ಆಸ್ಪತ್ರೇಲಿ ಮಲಗಿಸಿದ್ದೆ. ಮುದ್ದೆ ಸೇರ್ಲಿಲ್ಲ, ಅನ್ನ ಸೇರ್ಲಿಲ್ಲ. ನಿಮ್ಮಂಗ್ಡಿ ಬ್ರೆಡ್ಡು ಹಾಲಲ್ಲಿ ನೆನೆಸಿ ಕೊಟ್ರೆ ಸಾಯೋ ತನಕ ಅದೊಂದೇ ತಿಂತಿದ್ಲು." ಅವನು ಉಬ್ಬಿದ ಹಿಟ್ಟಿನ ಕಡೆ ನೋಡಿದ. "ಪರರ ಮನೇಲಿ ನೀರು ಮುಟ್ದೋಳಲ್ಲ ನಮ್ಮವ್ವ. ಈರುಳ್ಳಿ ಸೈತ ತಿಂದೋಳಲ್ಲ."

ದೊಡ್ಡಪ್ಪ ತಲೆ ತಗ್ಗಿಸಿದ. ಹುಡುಗಿಯ ಅಪ್ಪ ಸಂಬಂಧಕ್ಕೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹಿರಿಯರು ಮುಖ ಒರೆಸಿಕೊಂಡು ಹಿತ್ತಲಿಂದಲೇ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದರು, ಇವನೂ ಅವರ ಹಿಂದೆ ಹೋದ.

"ಯಾಕ್ ಹೇಳ್ದೆ ದೊಡ್ಡಪ್ಪ?" ಎಂದು ಕೇಳಿದೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಹಿಟ್ಟು ಕೆಟ್ರೆ ಇನ್ನೊಂದ್ಸಲ ಕಲಸ್ತೀನಿ ಕಣೋ. ನಿನ್ನ ಹೆಸ್ರು ಕೆಟ್ರೆ ಯಾವ ಮರಿಗೇಲಿ ಕಲಸ್ಲಿ?" ಎಂದು ಅವನು ಒಲೆಗೆ ಸೌದೆ ತುಂಬಲು ಕೂತ.

ಹಿರಿಯರ ಬಾಯಿ ಸುಮ್ಮನಿರುತ್ತದೆಯೇ? ಸುದ್ದಿ ಯಗಟಿ ಮುಟ್ಟಿ, ಕಡೂರಿಗೆ ಬಂದು, ಅಲ್ಲಿಂದ ನಮ್ಮೂರಿಗೇ ಬಂತು. ಮಠದ ಹಾಸ್ಟೆಲ್ಲಿನಿಂದ ಬುಟ್ಟಿ ತೆಗೆದುಕೊಂಡು ಹೋಗುವವನು ಒಂದು ವಾರ ಬರಲಿಲ್ಲ, ಮರುವಾರವೂ ಬರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಕೇಳಲಿಲ್ಲ, ಬರುವುದನ್ನು ಬಿಟ್ಟರು ಅಷ್ಟೆ. ಆ ಬುಟ್ಟಿ ಮತ್ತೆ ಯಾವತ್ತೂ ತುಂಬಲಿಲ್ಲ, ಡಬ್ಬಿ ಈಸ್ಟ್ ಬಂದ ಮೇಲೂ ತುಂಬಲಿಲ್ಲ. ನಮ್ಮ ಜನದ ಮನೆಯವರು ಅಂಗಡಿಯ ಮುಂದೆ ಹಾಯುವಾಗ ಎದುರು ಬದಿಗೆ ದಾಟಿಕೊಳ್ಳುತ್ತಿದ್ದರು. ಲಾರಿಯವರು, ಕೂಲಿಯವರು, ಆಸ್ಪತ್ರೆಗೆ ಬಂದ ಪರಊರಿನವರು ಕೊಂಡದ್ದರಿಂದ ಒಲೆ ಆರಲಿಲ್ಲ. ಉಳಿದ ಬ್ರೆಡ್ಡನ್ನು ಒಣಗಿಸಿ ರಸ್ಕು ಮಾಡುತ್ತಿದ್ದೆವು. ದೊಡ್ಡಪ್ಪ ಬೆಳಗ್ಗೆ ಪೂಜೆ ಮುಗಿಸಿ ಬಂದು ಗಾಜಿನ ಬೀರುವಿನ ಹಿಂದೆ ಕೂತು, ದಾಟಿ ಹೋಗುವವರಿಗೂ ಎಂದಿನಂತೆ ಶರಣು ಅನ್ನುತ್ತಿದ್ದ. ಕೆಲವರು ಕೇಳಿಸದವರ ಹಾಗೆ ಹೋಗುತ್ತಿದ್ದರು.

ಯಗಟಿಯಿಂದ ಮಾತಿಲ್ಲ, ಕತೆಯಿಲ್ಲ. ಅದು ಮುಗಿಯಿತು ಎಂದೇ ನಾನು ಲೆಕ್ಕ ಹಾಕಿದ್ದೆ. ಅಜ್ಜಂಪುರಕ್ಕೆ ಹೋದಾಗ ಪಡಖಾನೆಯ ಹೆಂಗಸು ನನ್ನ ಮುಖ ನೋಡಿ, "ಎಮ್ಮೆ ಸತ್ತೋಯ್ತಾ?" ಎಂದು ಕೇಳಿದಳು, ಈ ಸಲ ನಗದೆ. ನಾನು ಅವಳಿಗೆ ನಿಜ ಹೇಳಿದೆ. ಇನ್ನು ಮುಚ್ಚಿಡಲು ಏನಿತ್ತು? ಅವಳು ಕ್ಯಾನು ತುಂಬಿಸಿ, ಮೇಲೆ ಒಂದು ಲೋಟ ಜಾಸ್ತಿ ಸುರಿದಳು.

ಭಾದ್ರಪದ ಕಳೆಯುತ್ತಾ ಬಂತು. ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರ ಹಬ್ಬ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಲೆಯ ಮೇಲೆ ಎಡೆ ಇಟ್ಟು ಪೂಜೆ ಮಾಡುವ ದಿನ. ಹಬ್ಬದ ಹಿಂದಿನ ಬೆಳಗ್ಗೆ ಬಸ್ ಸ್ಟ್ಯಾಂಡಿನ ತುಂಬ ಜನ. ಹೂವು, ಎಲೆ, ಕುಂಬಳಕಾಯಿ ಕೊಂಡುಕೊಳ್ಳುವವರು, ಊರಿಗೆ ಹೋಗುವವರು, ಅದರಲ್ಲಿ ಅರ್ಧ ನಮ್ಮವರೇ. ಕಡೂರಿನ ಮೊದಲ ಬಸ್ಸಿನಿಂದ ಹುಡುಗಿಯ ಅಪ್ಪ ಇಳಿದ, ಒಬ್ಬನೇ. ನೆಟ್ಟಗೆ ನಮ್ಮ ಅಂಗಡಿಗೆ ಬಂದು ಬೀರುವಿನ ಮುಂದೆ ನಿಂತ. ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು.

"ಶರಣು ಯಜಮಾನ್ರೆ. ಒಂದು ಬ್ರೆಡ್ಡು ಕೊಡಿ" ಎಂದ. ಅವನ ದನಿ ಸಂತೆಯಲ್ಲಿ ಕೂಗಿ ಅಭ್ಯಾಸವಾದ ದನಿ, ಹೂವಿನ ಅಂಗಡಿಯ ತನಕ ಕೇಳಿಸುವಂಥದ್ದು. "ನಾಳೆ ನಮ್ಮವ್ವಂಗೆ ಎಡೆಗೆ."

ಹೂವು ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ದೊಡ್ಡಪ್ಪ ಎದ್ದು ನಿಂತ.

"ಗೊತ್ತಿದ್ದೂ ಗೊತ್ತಿದ್ದೂ ಎಡೆಗೆ ಇ‍ಡ್ತೀರಾ?"

"ಇಷ್ಟು ದಿನ ಅದೇ ಯೋಚ್ನೆ ಮಾಡ್ದೆ ಕಣ್ರೀ. ಕೊನೇ ಕಾಲ್ದಲ್ಲಿ ನಮ್ಮವ್ವನ ಬಾಯಿಗೆ ಹತ್ತಿದ್ದು ಅದೊಂದೇ. ಅವಳೇ ಉಗೀಲಿಲ್ಲ, ನಾನ್ಯಾಕೆ ಉಗೀಲಿ?"

ದೊಡ್ಡಪ್ಪ ಬೀರುವಿನಿಂದ ಬ್ರೆಡ್ಡು ತೆಗೆದ. ಅಂದು ಬೆಳಗಿನದು, ಇನ್ನೂ ಬೆಚ್ಚಗಿತ್ತು. ಕಾಗದದಲ್ಲಿ ಸುತ್ತಿದ, ದಾರ ಸುತ್ತಲು ಹೋದ. ಗಂಟು ಬೀಳಲೇ ಇಲ್ಲ. ನಾನು ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡು ಕಟ್ಟಿದೆ. ನನಗೂ ಕಣ್ಣು ಮಂಜಾಗಿತ್ತು.

ಹುಡುಗಿಯ ಅಪ್ಪ ಪೊಟ್ಟಣವನ್ನು ನನ್ನ ಕೈಯಿಂದಲೇ ತೆಗೆದುಕೊಂಡ. "ಹಬ್ಬ ಕಳೀಲಿ, ದೊಡ್ಡಪ್ಪ ದೊಡ್ಡಮ್ಮನ್ನ ಕರ್ಕೊಂಡು ಬಾರಪ್ಪ. ಮದ್ವೆ ಮಾತು ಮುಗಿಸಾನ" ಎಂದ. ಆಮೇಲೆ ಆ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳದೆ, ಎಲ್ಲರಿಗೂ ಕಾಣುವ ಹಾಗೆ ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಜನದ ನಡುವೆಯೇ ನಡೆದು ಬಸ್ಸು ಹತ್ತಿದ.